ಎಚ್‌ಆರ್ ಅಧಿಕಾರಿ ಪಳಗುವ ಬಗೆ

ಮಾನವ ಸಂಪನ್ಮೂಲ ವಿಭಾಗ, ಎಲ್ಲರ ಬಾಯಲ್ಲಿ ಎಚ್‌ಆರ್, ನೌಕರನೊಬ್ಬ ಕೆಲಸಕ್ಕೆ ಸೇರುವ ದಿನದಿಂದ ಬಿಟ್ಟುಹೋಗುವಾಗಿನ ಲೆಕ್ಕ ಚುಕ್ತಾ ಆಗುವವರೆಗಿನ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತದೆ. ನೇಮಕಾತಿ, ಸಂಬಳ, ರಜೆ, ಪಿಎಫ್, ಬಡ್ತಿ, ದೂರು, ಶಿಸ್ತುಕ್ರಮ ಎಲ್ಲವೂ ಅದರ ಮೇಜನ್ನು ದಾಟಿಯೇ ಹೋಗಬೇಕು. ಇವುಗಳಲ್ಲಿ ಬಹುಪಾಲು ಕೆಲಸಕ್ಕೆ ನಿಯಮವಿದೆ, ನಮೂನೆಯಿದೆ, ಈಗ ಸಾಫ್ಟ್‌ವೇರೂ ಇದೆ; ಕೆಲವು ತಿಂಗಳು ಮನಸ್ಸಿಟ್ಟು ಕೂತರೆ ಯಾರಾದರೂ ಕಲಿತಾರು. ನಿಯಮಕ್ಕೆ ಸಿಗದ ಎರಡು ಸಂಗತಿಗಳು ಮಾತ್ರ ಉಳಿದುಬಿಡುತ್ತವೆ. ಒಂದು, ಕೆಲಸದ ಜಾಗದ ಸಂಸ್ಕೃತಿ: ಅಲ್ಲಿನವರು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ, ಯಾವುದನ್ನು ಬಾಯಿಬಿಟ್ಟು ಹೇಳುತ್ತಾರೆ, ಯಾವುದನ್ನು ನುಂಗಿಕೊಳ್ಳುತ್ತಾರೆ ಎನ್ನುವುದು. ಇನ್ನೊಂದು ಪ್ರತಿಭೆ: ಯಾರಲ್ಲಿ ಯಾವ ಕಸುವಿದೆ, ಅದು ಬೆಳೆಯಲು ಏನು ಬೇಕು ಎನ್ನುವುದು. ಎಚ್‌ಆರ್ ಅಧಿಕಾರಿಯ ಕಲಿಕೆಯಲ್ಲಿ ನಿಜವಾಗಿ ಕಷ್ಟವಾದದ್ದು ಇವೆರಡು. ಕಂಪನಿಗೆಲ್ಲ ತರಬೇತಿ ಏರ್ಪಡಿಸುವ ವಿಭಾಗದ ಸ್ವಂತ ತರಬೇತಿಯೇ ಬಹಳ ಕಡೆ ಹಿಂದೆ ಬೀಳುತ್ತದೆ. ಅದರ ಬೆಲೆ ತೆರುವವರು ಹೆಚ್ಚಾಗಿ ಕೆಳಹಂತದ ನೌಕರರು.

ಈ ವೃತ್ತಿ ಹುಟ್ಟಿದ್ದು ಕಾರ್ಖಾನೆಯ ನೆಲದ ಮೇಲೆ. ಇಂಗ್ಲೆಂಡಿನ ಯಾರ್ಕ್ ಪಟ್ಟಣದ ರೌಂಟ್ರೀ ಕೋಕೋ ಕಾರ್ಖಾನೆಯಲ್ಲಿ ಕಾರ್ಮಿಕರ ಯೋಗಕ್ಷೇಮ ನೋಡಿಕೊಳ್ಳುವವರನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ನೇಮಿಸಲಾಗಿತ್ತು. ಅಂಥ ಕೆಲಸದವರು 1913ರಲ್ಲಿ ಅಲ್ಲಿಯೇ ಸೇರಿ ಒಂದು ಸಂಘ ಕಟ್ಟಿಕೊಂಡರು. ಆಗ ಅದರಲ್ಲಿದ್ದವರು 34 ಮಂದಿ. ಇಂದು ಬ್ರಿಟನ್ನಿನಲ್ಲಿ ಎಚ್‌ಆರ್ ವೃತ್ತಿಗೆ ಮಾನ್ಯತೆ ನೀಡುವ ಸಿಐಪಿಡಿ ಸಂಸ್ಥೆಯ ಮೂಲ ಅದೇ. ಭಾರತದಲ್ಲಿ ಇದರ ಅಗತ್ಯ ಬಂದದ್ದು ಬೇರೆ ದಾರಿಯಿಂದ. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಆಳುಗಳನ್ನು ಸೇರಿಸುವುದು, ಬಿಡಿಸುವುದು ಎಲ್ಲವೂ ಜಾಬರ್ ಎಂಬ ಮೇಸ್ತ್ರಿಯ ಕೈಯಲ್ಲಿತ್ತು. ಕೆಲಸ ಬೇಕಾದವನು ಅವನ ಕೈ ಬಿಸಿ ಮಾಡಬೇಕಿತ್ತು. ಈ ಪಿಡುಗನ್ನು ತೊಡೆಯಲು ನೇಮಕಾತಿಯ ಅಧಿಕಾರವನ್ನು ಜಾಬರ್‌ನಿಂದ ಕಿತ್ತು ಲೇಬರ್ ಆಫೀಸರ್‌ಗೆ ಒಪ್ಪಿಸಬೇಕೆಂದು ಕಾರ್ಮಿಕರ ಸ್ಥಿತಿಗತಿ ಪರಿಶೀಲಿಸಿದ ವಿಟ್ಲೆ ಆಯೋಗ 1931ರ ವರದಿಯಲ್ಲಿ ಸೂಚಿಸಿತು. 1936ರಲ್ಲಿ ಮುಂಬೈಯಲ್ಲಿ ಆರಂಭವಾದ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ, ಅಂದರೆ ಈಗಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಇಂಥ ಅಧಿಕಾರಿಗಳನ್ನು ತಯಾರು ಮಾಡತೊಡಗಿತು. 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತು. ಆ ಅಧಿಕಾರಿಗೆ ಅಲ್ಲಿನ ಬಹುಪಾಲು ಕಾರ್ಮಿಕರು ಆಡುವ ಭಾಷೆ ಬರಬೇಕೆಂಬ ಷರತ್ತನ್ನೂ ಹಲವು ರಾಜ್ಯಗಳ ನಿಯಮಗಳು ಸೇರಿಸಿದವು. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯದಂಥ ಸಮಾಜಕಾರ್ಯ ಶಾಲೆಗಳು ಈ ಕೆಲಸಕ್ಕೆ ಹುಡುಗ ಹುಡುಗಿಯರನ್ನು ಕೊಟ್ಟವು. ಎಂಎಸ್‌ಡಬ್ಲ್ಯು ಓದಿ ಫ್ಯಾಕ್ಟರಿಯ ಪರ್ಸನಲ್ ವಿಭಾಗ ಸೇರುವುದು ಇಂದಿಗೂ ರಾಜ್ಯದಲ್ಲಿ ರೂಢಿಯ ದಾರಿ.

1970ರ ದಶಕದ ನಡುವಿನಲ್ಲಿ ಚಿತ್ರ ಬದಲಾಯಿತು. ಅಹಮದಾಬಾದಿನ ಐಐಎಂನಲ್ಲಿದ್ದ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರನ್ನು ಲಾರ್ಸೆನ್ ಅಂಡ್ ಟೂಬ್ರೊ ಕಂಪನಿ ತನ್ನ ಅಪ್ರೈಸಲ್ ಪದ್ಧತಿಯನ್ನು ಪರಿಶೀಲಿಸಲು ಕರೆಸಿತು. ವರ್ಷಕ್ಕೊಮ್ಮೆ ಅಂಕ ಕೊಟ್ಟು ಫೈಲು ಮುಚ್ಚಿದರೆ ಸಾಲದು. ಅಪ್ರೈಸಲ್, ತರಬೇತಿ, ಬಡ್ತಿ, ನೌಕರನೊಡನೆ ಕೂತು ಮಾತಾಡುವುದು ಇವೆಲ್ಲ ಒಂದೇ ಸರಣಿಯ ಕೊಂಡಿಗಳಾಗಬೇಕು ಎಂಬುದು ಅವರ ತೀರ್ಮಾನ. ಅದರಂತೆ ಅಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿಗೆಂದೇ ಪ್ರತ್ಯೇಕ ವಿಭಾಗ ಬಂತು, ದೇಶದಲ್ಲಿ ಅಂಥದ್ದು ಮೊದಲನೆಯದು. ಕೋಲ್ಕತ್ತಾದಲ್ಲೊಂದು ಮುಂಬೈಯಲ್ಲೊಂದು ಇದ್ದ ಎರಡು ವೃತ್ತಿ ಸಂಸ್ಥೆಗಳು 1980ರಲ್ಲಿ ಕೂಡಿ ಎನ್‌ಐಪಿಎಂ ಎಂಬ ಒಂದೇ ಸಂಸ್ಥೆಯಾದವು. 1985ರಲ್ಲಿ ನ್ಯಾಷನಲ್ ಎಚ್‌ಆರ್‌ಡಿ ನೆಟ್‌ವರ್ಕ್ ಹುಟ್ಟಿಕೊಂಡಿತು. ಈ ತಿರುವಿನಿಂದ ವೃತ್ತಿಗೆ ದೊಡ್ಡ ಲಾಭವೇ ಆಯಿತು: ನೌಕರ ಎಂದರೆ ಹಾಜರಿ ಪುಸ್ತಕದ ಹೆಸರಲ್ಲ, ಬೆಳೆಯಬಲ್ಲ ಮನುಷ್ಯ ಎಂಬ ತಿಳಿವಳಿಕೆ ಬಂತು. ಆದರೆ ಮುಂದಿನ ದಶಕಗಳಲ್ಲಿ ವಿಭಾಗ ನಿಧಾನವಾಗಿ ಯಂತ್ರಗಳ ಸದ್ದು ಕೇಳುವ ಜಾಗದಿಂದ ಮೇಲಿನ ಮಹಡಿಗೆ, ಅಲ್ಲಿಂದ ಲ್ಯಾಪ್‌ಟಾಪಿನ ಪರದೆಗೆ ಸರಿಯಿತು. ಲೇಬರ್ ಆಫೀಸರ್‌ಗೆ ತಾನಾಗಿಯೇ ಬರುತ್ತಿದ್ದ ನೆಲದ ಅರಿವನ್ನು ಈಗಿನ ಎಚ್‌ಆರ್ ಅಧಿಕಾರಿ ಪ್ರಯತ್ನಪಟ್ಟು ಗಳಿಸಬೇಕಾಗಿದೆ.

ಅದನ್ನು ಗಳಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೋಲಾರ ಜಿಲ್ಲೆಯ ನರಸಾಪುರದ ಘಟನೆ ಕಣ್ಣೆದುರಿಗಿದೆ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಗ್ಗೆ ಕಾರ್ಮಿಕರ ಸಿಟ್ಟು ಕಟ್ಟೆಯೊಡೆದು ದಾಂಧಲೆಯಾಯಿತು. ಗಾಜು, ವಾಹನ, ಉಪಕರಣ ಪುಡಿಯಾದವು. ಸಂಬಳ ಸರಿಯಾಗಿ ಬಂದಿಲ್ಲ, ಹೇಳಿದ್ದಕ್ಕಿಂತ ಕಡಿಮೆ ಬಂದಿದೆ ಎಂಬುದು ಅವರ ಅಳಲಾಗಿತ್ತು. ಆನಂತರ ರಾಜ್ಯದ ಕಾರ್ಖಾನೆಗಳ ಇಲಾಖೆ ತಪಾಸಣೆ ನಡೆಸಿತು. ಕಾರ್ಮಿಕರ ಸಂಖ್ಯೆ ಅಲ್ಪ ಕಾಲದಲ್ಲೇ 5,000ದಿಂದ 10,500ಕ್ಕೆ ಏರಿತ್ತು. ಅದಕ್ಕೆ ತಕ್ಕಂತೆ ಕಾರ್ಮಿಕ ಕಾನೂನು ಚೆನ್ನಾಗಿ ಬಲ್ಲ ಸಿಬ್ಬಂದಿಯಿರುವ ಎಚ್‌ಆರ್ ವಿಭಾಗವನ್ನು ಕಟ್ಟಿರಲಿಲ್ಲ ಎಂದು ಅದು ಗುರುತಿಸಿತು. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಗೆ ಬದಲಾಗಿತ್ತು. ಹಾಜರಾತಿ, ಓಟಿ, ಸಂಬಳ ಇವುಗಳ ಲೆಕ್ಕ ಗೊಂದಲದಲ್ಲಿತ್ತು. ಬಹುಪಾಲು ಜನ ಬೇರೆ ಬೇರೆ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕಂಪನಿ ಕಾರ್ಮಿಕರ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ಕೆಲಸದಿಂದ ತೆಗೆಯಿತು. ಪರಿಸ್ಥಿತಿ ಸರಿಹೋಗುವವರೆಗೆ ಹೊಸ ವ್ಯವಹಾರ ಕೊಡುವುದಿಲ್ಲ ಎಂದು ಆಪಲ್ ಹೇಳಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಸಂಬಳದ ಚೀಟಿಯಲ್ಲಿ ತಪ್ಪಿದೆ ಎಂದು ಹೇಳಿಕೊಳ್ಳಲು ಹೋದವನಿಗೆ ಗುತ್ತಿಗೆದಾರ ಕಂಪನಿಯತ್ತ, ಕಂಪನಿ ಗುತ್ತಿಗೆದಾರನತ್ತ ಬೆರಳು ತೋರಿಸುವ ಕಡೆ ಅಸಮಾಧಾನ ಒಳಗೊಳಗೇ ಹೊಗೆಯಾಡುತ್ತದೆ. ಅದನ್ನು ಮೊದಲು ಮೂಸಿ ನೋಡಬೇಕಾದದ್ದು ಎಚ್‌ಆರ್ ವಿಭಾಗ.

ಸಂಸ್ಕೃತಿಯನ್ನು ಓದುವುದನ್ನು ಕಲಿಸಬಹುದೇ ಎಂಬ ಪ್ರಶ್ನೆಗೆ ಎಂಐಟಿಯ ಪ್ರಾಧ್ಯಾಪಕ ಎಡ್ಗರ್ ಶೈನ್ ಕೊಟ್ಟ ಉತ್ತರ ಇಂದಿಗೂ ಬಳಕೆಯಲ್ಲಿದೆ. 1985ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಸಂಸ್ಥೆಯ ಸಂಸ್ಕೃತಿಗೆ ಮೂರು ಪದರಗಳಿವೆ ಎಂದರು. ಮೇಲಿನದು ಕಣ್ಣಿಗೆ ಕಾಣುವಂಥದ್ದು: ಕಟ್ಟಡ, ಉಡುಪು, ಕೂರುವ ವ್ಯವಸ್ಥೆ, ಆಚರಣೆ. ನಡುವಿನದು ಸಂಸ್ಥೆ ತನ್ನ ಬಗ್ಗೆ ಹೇಳಿಕೊಳ್ಳುವ ಮೌಲ್ಯಗಳು, ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಹಾಕಿದ ಮಾತುಗಳು. ತಳದಲ್ಲಿರುವುದು ಯಾರೂ ಬಾಯಿಬಿಟ್ಟು ಹೇಳದ, ಎಲ್ಲರೂ ಪಾಲಿಸುವ ನಂಬಿಕೆಗಳು: ಇಲ್ಲಿ ಸಾಹೇಬರಿಗೆ ಕೆಟ್ಟ ಸುದ್ದಿ ಹೇಳಬಾರದು, ಇಲ್ಲಿ ಹೊತ್ತಿಗೆ ಸರಿಯಾಗಿ ಮನೆಗೆ ಹೊರಟವನು ಸೋಮಾರಿ, ಇಲ್ಲಿ ಹೆಂಗಸರನ್ನು ರಾತ್ರಿ ಪಾಳಿಯ ಲೀಡರ್ ಮಾಡುವುದಿಲ್ಲ. ಎರಡನೆಯ ಪದರಕ್ಕೂ ಮೂರನೆಯದಕ್ಕೂ ತಾಳೆಯಾಗದ ಕಡೆ ನೌಕರರು ನಂಬುವುದು ಮೂರನೆಯದನ್ನೇ.

ಇದನ್ನು ಪಾಠವಾಗಿ ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಕಣ್ಣು ಪಳಗುವುದು ತಿರುಗಾಡಿದಾಗ. ಆದ್ದರಿಂದ ಒಳ್ಳೆಯ ತರಬೇತಿಯಲ್ಲಿ ಶಿಬಿರಾರ್ಥಿಗಳನ್ನು ತಮಗೆ ಪರಿಚಯವಿಲ್ಲದ ಕಾರ್ಖಾನೆಗೋ ಆಫೀಸಿಗೋ ಕಳಿಸಿ, ಯಾರನ್ನೂ ಏನೂ ಕೇಳದೆ ಕಂಡದ್ದನ್ನಷ್ಟೇ ಬರೆದುಕೊಂಡು ಬರಲು ಹೇಳುತ್ತಾರೆ. ಬೆಳಗಿನ ಪಾಳಿಯ ಹೊತ್ತಿಗೆ ಗೇಟಿನಲ್ಲಿ ನಿಂತರೆ ಸೆಕ್ಯುರಿಟಿಯವರು ಯಾರ ಊಟದ ಡಬ್ಬಿ ತೆರೆಸುತ್ತಾರೆ, ಯಾರ ಕಾರಿಗೆ ಸಲ್ಯೂಟ್ ಹೊಡೆದು ಬಿಡುತ್ತಾರೆ ಎಂಬುದು ಕಾಣುತ್ತದೆ. ಯಂತ್ರದ ಪಕ್ಕದ ಸುರಕ್ಷತಾ ಸೂಚನೆ ಇಂಗ್ಲಿಷಿನಲ್ಲಿದ್ದು, ಆ ಯಂತ್ರ ನಡೆಸುವವರು ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದವರಾಗಿರಬಹುದು. ಕ್ಯಾಂಟೀನಿನಲ್ಲಿ ಗುತ್ತಿಗೆಯವರಿಗೂ ಕಾಯಂನವರಿಗೂ ಒಂದೇ ಸಾಲೇ? ಸಲಹಾ ಪೆಟ್ಟಿಗೆಯ ಬೀಗಕ್ಕೆ ತುಕ್ಕು ಹಿಡಿದಿದೆಯೇ? ದೂರು ಹೇಳಲು ಬಂದವನಿಗೆ ಕುರ್ಚಿ ತೋರಿಸುತ್ತಾರೋ, ನಿಲ್ಲಿಸಿಯೇ ಮಾತಾಡಿಸುತ್ತಾರೋ? ಸಂಜೆ ಕೂತು ಈ ಟಿಪ್ಪಣಿಗಳನ್ನು ಓದುವಾಗ ಶಿಬಿರಾರ್ಥಿಗಳು ಮೊದಲು ಮಾಡುವ ತಪ್ಪೆಂದರೆ ಕಂಡದ್ದಕ್ಕೆ ತಕ್ಷಣ ಅರ್ಥ ಹಚ್ಚುವುದು. ಅರ್ಥವನ್ನು ತಡೆಹಿಡಿದು ಇನ್ನೊಂದು ಸಲ ನೋಡಿ ಬರುವ ತಾಳ್ಮೆಯೇ ಇಲ್ಲಿನ ಮುಖ್ಯ ಪಾಠ. ಆಮೇಲೆ ಅದೇ ಕಣ್ಣಿನಿಂದ ಸ್ವಂತ ಕಂಪನಿಯನ್ನು ನೋಡುವುದು ಇನ್ನೂ ಕಷ್ಟ, ಏಕೆಂದರೆ ಹತ್ತು ವರ್ಷ ಕಂಡದ್ದು ಕಣ್ಣಿಗೆ ಬೀಳುವುದಿಲ್ಲ.

ಕಣ್ಣಿನ ಜೊತೆ ಅಳತೆಯೂ ಬೇಕು. ಪಾರೀಕ್ ಮತ್ತು ರಾವ್ ಇದಕ್ಕೆ ಭಾರತದ ಅನುಭವದಿಂದಲೇ ಒಂದು ಚೌಕಟ್ಟು ಕೊಟ್ಟರು. ಮುಕ್ತತೆ, ಸಮಸ್ಯೆಯನ್ನು ಎದುರಿಸುವ ಎದೆಗಾರಿಕೆ, ನಂಬಿಕೆ, ನುಡಿದಂತೆ ನಡೆಯುವುದು, ಮುಂದಾಗಿ ಕೆಲಸ ಹಿಡಿಯುವುದು, ಸ್ವಾತಂತ್ರ್ಯ, ಸಹಕಾರ ಎಂಬ ಏಳು ಗುಣಗಳನ್ನು ಅವರು ಹೆಸರಿಸಿದರು. ಪ್ರಯೋಗಶೀಲತೆ ಮುಂದೆ ಸೇರಿ ಎಂಟಾಯಿತು. ಭಾರತದ ಎಚ್‌ಆರ್ ವಲಯದಲ್ಲಿ ಅದು ಆಕ್ಟಾಪೇಸ್ ಎಂದೇ ಪ್ರಸಿದ್ಧ. ರಾವ್ ಮತ್ತು ಇ. ಅಬ್ರಹಾಂ ರೂಪಿಸಿದ ಸಮೀಕ್ಷೆಯಲ್ಲಿ 38 ಹೇಳಿಕೆಗಳಿವೆ. ನೌಕರರು ಪ್ರತಿಯೊಂದಕ್ಕೂ ಐದು ಹಂತಗಳಲ್ಲಿ ಒಂದನ್ನು ಗುರುತಿಸುತ್ತಾರೆ. ಇಂಥ ಸಮೀಕ್ಷೆಯ ಉಪಯೋಗ ಅದರ ಸರಾಸರಿ ಅಂಕದಲ್ಲಿಲ್ಲ. ಒಂದೇ ಪ್ರಶ್ನೆಗೆ ಮ್ಯಾನೇಜರುಗಳು ಕೊಟ್ಟ ಉತ್ತರಕ್ಕೂ ಲೈನಿನ ಮೇಲಿರುವವರು ಕೊಟ್ಟ ಉತ್ತರಕ್ಕೂ ಎಷ್ಟು ಅಂತರವಿದೆ ಎಂಬಲ್ಲಿದೆ. ಸಮೀಕ್ಷೆ ಮಾಡಿ ಫಲಿತಾಂಶವನ್ನು ನೌಕರರ ಮುಂದಿಡದೆ ಬೀರುವಿಗೆ ಸೇರಿಸಿದರೆ, ಮಾಡದೇ ಇದ್ದದ್ದಕ್ಕಿಂತ ಕೆಡುಕಾಗುತ್ತದೆ. ಮುಂದಿನ ಸಲ ಯಾರೂ ನಿಜ ಬರೆಯುವುದಿಲ್ಲ.

ಅಂಕಿಗಳನ್ನು ನಂಬುವ ಮೊದಲು ತಿಳಿದಿರಬೇಕಾದ ಇನ್ನೊಂದು ಸಂಗತಿ ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಅವರ ಕೆಲಸದಿಂದ ಬಂದದ್ದು. 1990ರ ದಶಕದಲ್ಲಿ ಅವರು ಆಸ್ಪತ್ರೆಗಳ ದಾದಿಯರ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕೆಂಬುದು ನಿರೀಕ್ಷೆ. ದಾಖಲೆಗಳು ಇದಕ್ಕೆ ತದ್ವಿರುದ್ಧವಾಗಿದ್ದವು: ಒಳ್ಳೆಯ ನಾಯಕತ್ವವಿರುವ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನವರು ತಪ್ಪನ್ನು ಹೆದರದೆ ಹೇಳುತ್ತಿದ್ದರು, ಉಳಿದೆಡೆ ಮುಚ್ಚಿಡುತ್ತಿದ್ದರು ಎಂಬುದು ಆಮೇಲೆ ಹೊಳೆಯಿತು. ಮಾತಾಡಿದರೆ ಮರ್ಯಾದೆ ಹೋಗದು, ಶಿಕ್ಷೆಯಾಗದು ಎಂಬ ಈ ಭರವಸೆಯನ್ನು ಅವರು 1999ರ ಪ್ರಬಂಧದಲ್ಲಿ ಮಾನಸಿಕ ಸುರಕ್ಷತೆ ಎಂದು ಕರೆದರು. ಒಂದೂ ದೂರು ಬಾರದ ವಿಭಾಗವನ್ನು ನೆಮ್ಮದಿಯ ವಿಭಾಗ ಎಂದು ವರದಿ ಬರೆಯುವ ಎಚ್‌ಆರ್ ಅಧಿಕಾರಿ ಇದನ್ನು ಎರಡು ಸಲ ಓದಬೇಕು.

ಕೇಳಿಸಿಕೊಳ್ಳುವುದನ್ನೂ ಅಭ್ಯಾಸದಿಂದ ಕಲಿಯಬೇಕು. 1971ರಿಂದ ಕೆಲಸ ಮಾಡುತ್ತಿರುವ ಇಸಾಬ್ಸ್ ಸಂಸ್ಥೆ ಇದಕ್ಕೆಂದು ವಸತಿ ಶಿಬಿರಗಳನ್ನು ನಡೆಸುತ್ತದೆ. ಅಲ್ಲಿ ಪಾಠವಿಲ್ಲ. ಹತ್ತು ಹನ್ನೆರಡು ಮಂದಿ ವೃತ್ತಾಕಾರವಾಗಿ ಕೂತು, ಆ ಗುಂಪಿನಲ್ಲಿ ಆ ಕ್ಷಣ ನಡೆಯುತ್ತಿರುವುದನ್ನೇ ಮಾತಿಗೆ ತರುತ್ತಾರೆ. ತಾನು ಇತರರ ಮಾತನ್ನು ಎಲ್ಲಿ ತುಂಡರಿಸುತ್ತೇನೆ, ಯಾರ ಮಾತಿಗೆ ಬೇಗ ಒಪ್ಪುತ್ತೇನೆ ಎಂಬುದನ್ನು ಉಳಿದವರ ಬಾಯಿಂದ ನೇರವಾಗಿ ಕೇಳುವುದು ಹಲವರಿಗೆ ಮೊದಲ ಅನುಭವ. ಇದರ ಫಲ ಕಾಣುವುದು ರಾಜೀನಾಮೆ ಕೊಟ್ಟವರೊಡನೆ ನಡೆಸುವ ಮಾತುಕತೆಯಲ್ಲಿ. ಪಳಗದ ಅಧಿಕಾರಿ ‘ಯಾಕೆ ಬಿಡುತ್ತಿದ್ದೀರಿ?’ ಎನ್ನುತ್ತಾನೆ, ‘ಬೇರೆ ಕಡೆ ಸಂಬಳ ಜಾಸ್ತಿ ಸರ್’ ಎಂಬ ಉತ್ತರ ಬರೆದುಕೊಳ್ಳುತ್ತಾನೆ, ಫಾರಂ ಮುಗಿಯುತ್ತದೆ. ಪಳಗಿದವಳು ‘ಬೇರೆ ಕೆಲಸ ನೋಡಬೇಕು ಅಂತ ಮೊದಲ ಸಲ ಅನಿಸಿದ್ದು ಯಾವಾಗ?’ ಎಂದು ಕೇಳಿ ಸುಮ್ಮನಾಗುತ್ತಾಳೆ. ಆಗ ಉತ್ತರದಲ್ಲಿ ಒಂದು ದಿನ, ಒಬ್ಬ ಸೂಪರ್‌ವೈಸರ್, ಎಲ್ಲರ ಮುಂದೆ ಕೇಳಿದ ಒಂದು ಮಾತು ಬರುತ್ತದೆ.

ಪ್ರತಿಭೆಯ ವಿಷಯದಲ್ಲಿ ಮರೆಯಬೇಕಾದ ಪಾಠಗಳೂ ಕೆಲವಿವೆ. 1990ರ ದಶಕದ ಕೊನೆಯಲ್ಲಿ ಮೆಕಿನ್ಸೆ ಸಂಸ್ಥೆ ಪ್ರತಿಭೆಗಾಗಿ ಯುದ್ಧ ಎಂಬ ಮಾತನ್ನು ಹರಿಯಬಿಟ್ಟಿತು. ಮಿಂಚುವವರನ್ನು ಎಲ್ಲಿದ್ದರೂ ಹುಡುಕಿ ತನ್ನಿ, ಹೆಚ್ಚು ಕೊಟ್ಟು ಉಳಿಸಿಕೊಳ್ಳಿ ಎಂಬುದು ಅದರ ಧಾಟಿ. ಕಂಪನಿಗಳು ಅದನ್ನು ಹೊರಗಿನಿಂದ ತಾರೆಗಳನ್ನು ಕೊಂಡುತರುವ ಸೂತ್ರವಾಗಿ ತೆಗೆದುಕೊಂಡವು. ಹಾರ್ವರ್ಡಿನ ಬೋರಿಸ್ ಗ್ರಾಯ್ಸ್‌ಬರ್ಗ್ ಇದನ್ನು ಪರೀಕ್ಷೆಗೆ ಒಡ್ಡಿದರು. 1988ರಿಂದ 1996ರವರೆಗೆ ನ್ಯೂಯಾರ್ಕಿನ ವಾಲ್‌ಸ್ಟ್ರೀಟಿನ 78 ಬ್ಯಾಂಕುಗಳಲ್ಲಿದ್ದ 1,052 ಹೆಸರುವಾಸಿ ಷೇರು ವಿಶ್ಲೇಷಕರ ದಾಖಲೆಗಳನ್ನು ಅವರು ಹಿಂಬಾಲಿಸಿದರು. ಕಂಪನಿ ಬದಲಿಸಿದವರ ಸಾಧನೆ ಸರಾಸರಿ ಶೇ 20ರಷ್ಟು ಕುಸಿಯಿತು, ಐದು ವರ್ಷವಾದರೂ ಮೊದಲಿನ ಮಟ್ಟಕ್ಕೆ ಬರಲಿಲ್ಲ. ತಂಡದ ಸಮೇತ ಹೋದವರು ಇಷ್ಟು ಕುಸಿಯಲಿಲ್ಲ. ಒಬ್ಬನದೇ ಎಂದು ತೋರುವ ಕಸುವಿನಲ್ಲಿ ಜೊತೆಗಾರರ, ವ್ಯವಸ್ಥೆಯ, ಆ ಮನೆಯ ರೀತಿನೀತಿಯ ಪಾಲು ಬಹಳ ದೊಡ್ಡದು. ಸಂಸ್ಕೃತಿ ಮತ್ತು ಪ್ರತಿಭೆಯನ್ನು ಬೇರೆ ಬೇರೆ ತರಬೇತಿಗಳಾಗಿ ಕಲಿಸುವ ಪದ್ಧತಿ ಈ ಒಂದು ಕಾರಣಕ್ಕೇ ಕೈಬಿಡತಕ್ಕದ್ದು.

ಆಯ್ಕೆ ಹೇಗೆ ಮಾಡಬೇಕೆಂಬುದು ಮಾತ್ರ ಈಗ ಸಾಕಷ್ಟು ಖಚಿತವಾಗಿ ಗೊತ್ತಿದೆ. ಒಂದು ಶತಮಾನದಷ್ಟು ಕಾಲದ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ನಡೆಸಿದ ವಿಶ್ಲೇಷಣೆಯಲ್ಲಿ, ಮುಂದೆ ಕೆಲಸ ಹೇಗೆ ಮಾಡಿಯಾನು ಎಂದು ಊಹಿಸುವ ವಿಧಾನಗಳ ಪೈಕಿ ಮೊದಲ ಸ್ಥಾನ ಸಿಕ್ಕಿದ್ದು ಕ್ರಮಬದ್ಧ ಸಂದರ್ಶನಕ್ಕೆ. ಅದನ್ನು ನಡೆಸುವ ಬಗೆ ಸರಳ. ಪಾಳಿ ಸೂಪರ್‌ವೈಸರ್ ಹುದ್ದೆಯೊಂದು ಖಾಲಿ ಇದೆ ಎಂದುಕೊಳ್ಳೋಣ. ಅಭ್ಯರ್ಥಿಗಳ ಬಯೋಡೇಟಾ ತೆರೆಯುವ ಮೊದಲೇ, ಆ ಹುದ್ದೆಯಲ್ಲಿ ಈಗಾಗಲೇ ಚೆನ್ನಾಗಿ ಕೆಲಸ ಮಾಡುತ್ತಿರುವವರನ್ನು ನೋಡಿ ಬೇಕಾದ ನಾಲ್ಕೈದು ಗುಣಗಳನ್ನು ಬರೆದುಕೊಳ್ಳಬೇಕು. ಒಂದೊಂದಕ್ಕೂ ಒಂದು ಪ್ರಶ್ನೆ. ‘ನಿಮ್ಮ ಬಗ್ಗೆ ಹೇಳಿ’ ಎಂಬುದರ ಬದಲು ‘ರಾತ್ರಿ ಪಾಳಿಗೆ ಮೂವರು ಒಮ್ಮೆಗೇ ಬಾರದ ದಿನ ನೀವು ಏನು ಮಾಡಿದಿರಿ?’ ಎಂದು ಕೇಳಬೇಕು. ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ, ಅದೇ ಕ್ರಮ. ಯಾವ ಉತ್ತರಕ್ಕೆ ಒಂದು ಅಂಕ, ಯಾವುದಕ್ಕೆ ಐದು ಎಂಬುದು ಮೊದಲೇ ಬರೆದಿರಬೇಕು. ಸಂದರ್ಶಕರು ಒಬ್ಬರೊಡನೊಬ್ಬರು ಮಾತಾಡುವ ಮೊದಲು ತಮ್ಮ ತಮ್ಮ ಹಾಳೆಯಲ್ಲಿ ಅಂಕ ಹಾಕಿ ಮಡಚಿಡಬೇಕು. ಇಲ್ಲದಿದ್ದರೆ ಹಿರಿಯರ ಅಭಿಪ್ರಾಯವೇ ಎಲ್ಲರ ಅಂಕವಾಗುತ್ತದೆ. ಅನುಭವಿಗಳಿಗೆ ಇದು ಕೈಕಟ್ಟಿದಂತೆ ಅನಿಸುತ್ತದೆ, ‘ಮುಖ ನೋಡಿದರೆ ಗೊತ್ತಾಗುತ್ತೆ’ ಎನ್ನುವವರೇ ಹೆಚ್ಚು. ಮುಖ ನೋಡಿ ಆರಿಸುವ ಕಡೆ ಸರಾಗ ಇಂಗ್ಲಿಷ್ ಆಡುವವನು ಗೆಲ್ಲುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿ ಹತ್ತು ವರ್ಷ ಅದೇ ಯಂತ್ರದ ಪಕ್ಕದಲ್ಲಿ ನಿಂತು ಕಲಿತವಳು ಬಾಗಿಲಲ್ಲೇ ಉಳಿಯುತ್ತಾಳೆ.

ಕಾನೂನಿನ ಓದಂತೂ ಈಗ ಮುಂದೂಡುವಂತಿಲ್ಲ. 29 ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕಲ್ಯಾಣಾಧಿಕಾರಿಯನ್ನು ನೇಮಿಸಬೇಕಾದ ಕಾರ್ಖಾನೆಯ ಮಿತಿ 500ರಿಂದ 250 ಕಾರ್ಮಿಕರಿಗೆ ಇಳಿದಿದೆ. ಕೆಲಸ ಬಿಟ್ಟವರ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಆಡಳಿತದ ಕಡೆಯವರೂ ಕಾರ್ಮಿಕರ ಕಡೆಯವರೂ ಸಮಸಂಖ್ಯೆಯಲ್ಲಿರಬೇಕು. ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆ 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿಯನ್ನು ಕಡ್ಡಾಯ ಮಾಡಿದೆ. ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರು, ಹೊರಗಿನವರೊಬ್ಬರು, 90 ದಿನಗಳಲ್ಲಿ ವಿಚಾರಣೆ ಮುಗಿಸಬೇಕೆಂಬ ಗಡುವು, ಇವೆಲ್ಲ ಎಲ್ಲರಿಗೂ ಬಾಯಿಪಾಠ. ಆ ಸಮಿತಿಯ ಸದಸ್ಯರಿಗೆ ತರಬೇತಿ ಕೊಡುವುದೂ ಮಾಲೀಕರ ಕರ್ತವ್ಯವೆಂದು ಅದೇ ಕಾಯ್ದೆ ಹೇಳಿರುವುದು ಅಷ್ಟಾಗಿ ನೆನಪಿರುವುದಿಲ್ಲ. ದೂರು ಕೊಟ್ಟವಳನ್ನು ಮೊದಲ ಹತ್ತು ನಿಮಿಷ ಹೇಗೆ ಮಾತಾಡಿಸಬೇಕೆಂದು ತಿಳಿಯದ ಸಮಿತಿ ಗಡುವಿನೊಳಗೆ ವಿಚಾರಣೆ ಮುಗಿಸಿಯೂ ಅನ್ಯಾಯ ಮಾಡಬಲ್ಲದು.

ತರಬೇತಿಯಿಂದ ಏನಾದರೂ ಆಯಿತೇ ಎಂದು ಅಳೆಯಲು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಹಂತಗಳನ್ನು ಹೇಳಿದರು: ಬಂದವರಿಗೆ ಹಿಡಿಸಿತೇ, ಅವರು ಕಲಿತರೇ, ಕೆಲಸದಲ್ಲಿ ನಡೆ ಬದಲಾಯಿತೇ, ಸಂಸ್ಥೆಗೆ ಫಲ ಸಿಕ್ಕಿತೇ. ಹೋಟೆಲಿನ ಸಭಾಂಗಣದಲ್ಲಿ ನಡೆಯುವ ಒಂದು ದಿನದ ಕಾರ್ಯಾಗಾರಗಳು ಕೊನೆಯಲ್ಲಿ ಫೀಡ್‌ಬ್ಯಾಕ್ ಹಾಳೆ ತುಂಬಿಸಿ ಮೊದಲ ಹಂತದಲ್ಲೇ ನಿಲ್ಲುತ್ತವೆ. ಮೂರನೆಯ ಹಂತ ಮುಟ್ಟಬೇಕಾದರೆ ಕಲಿತದ್ದನ್ನು ಹಿಡಿದು ಮತ್ತೆ ಮತ್ತೆ ಕೂಡಬೇಕು. ನಾಲ್ಕೈದು ಕಂಪನಿಗಳ ಎಚ್‌ಆರ್ ಅಧಿಕಾರಿಗಳು ತಿಂಗಳಿಗೊಮ್ಮೆ ಸೇರಿ, ಹೆಸರು ಮರೆಮಾಡಿ ಒಂದೊಂದು ನಿಜ ಪ್ರಕರಣವನ್ನು ಮುಂದಿಟ್ಟು ಚರ್ಚಿಸುವುದು ಖರ್ಚಿಲ್ಲದ, ಬಹಳ ಪರಿಣಾಮಕಾರಿಯಾದ ವಿಧಾನ. ಎನ್‌ಐಪಿಎಂ ಮತ್ತು ಎಚ್‌ಆರ್‌ಡಿ ನೆಟ್‌ವರ್ಕಿನ ಊರೂರ ಶಾಖೆಗಳ ಸಭೆಗಳಿಗೆ ಇಂಥ ವೇದಿಕೆಯಾಗುವ ಶಕ್ತಿಯಿದೆ. ಭಾಷಣ ಕಡಿಮೆಯಾಗಬೇಕು ಅಷ್ಟೆ. ಅಮೆರಿಕದ ಎಸ್‌ಎಚ್‌ಆರ್‌ಎಂ ಸಂಸ್ಥೆಯ ಪ್ರಮಾಣಪತ್ರ ಪಡೆದವರು ಮೂರು ವರ್ಷಗಳಲ್ಲಿ 60 ಅಂಕಗಳಷ್ಟು ಕಲಿಕೆಯನ್ನು ತೋರಿಸಿ ಅದನ್ನು ನವೀಕರಿಸಿಕೊಳ್ಳಬೇಕು. ಭಾರತದಲ್ಲಿ ವೈದ್ಯರಿಗೋ ವಕೀಲರಿಗೋ ಇರುವಂಥ ಪರಿಷತ್ತು ಈ ವೃತ್ತಿಗಿಲ್ಲ, ಮುಂದುವರಿದ ಕಲಿಕೆ ಅವರವರ ಆಸ್ಥೆಗೆ ಬಿಟ್ಟದ್ದು.

ದೊಡ್ಡ ಕಂಪನಿಗಳಿಗೆ ಇದಕ್ಕೆಲ್ಲ ಹಣವಿದೆ. ಬೆಂಗಳೂರಿನ ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗಿನಲ್ಲೋ 30–40 ಜನರನ್ನಿಟ್ಟುಕೊಂಡು ನಡೆಯುವ ವರ್ಕ್‌ಶಾಪುಗಳಲ್ಲಿ ಎಚ್‌ಆರ್ ವಿಭಾಗವೇ ಇರುವುದಿಲ್ಲ. ಅಕೌಂಟೆಂಟ್ ಸಂಬಳ ಬಟವಾಡೆ ಮಾಡುತ್ತಾನೆ, ಉಳಿದದ್ದು ಮಾಲೀಕರ ಮರ್ಜಿ. ಕುಂದುಕೊರತೆ ಸಮಿತಿಯ ಮಿತಿ 20 ಕಾರ್ಮಿಕರಾದ್ದರಿಂದ ಈಗ ಇವೂ ಅದರ ವ್ಯಾಪ್ತಿಯೊಳಗೆ ಬಂದಿವೆ. ಹತ್ತು ಹದಿನೈದು ಘಟಕಗಳು ಸೇರಿ ಪಳಗಿದ ಒಬ್ಬ ಅಧಿಕಾರಿಯನ್ನು ಹಂಚಿಕೊಂಡು ಇಟ್ಟುಕೊಳ್ಳುವುದು, ಕಾಸಿಯಾದಂಥ ಸಣ್ಣ ಕೈಗಾರಿಕೆಗಳ ಸಂಘಗಳು ಸೂಪರ್‌ವೈಸರ್‌ಗಳಿಗೂ ಮಾಲೀಕರಿಗೂ ಕನ್ನಡದಲ್ಲೇ ಕಿರು ತರಬೇತಿ ನಡೆಸುವುದು ಸಾಧ್ಯವಿರುವ ದಾರಿಗಳು. ಅಂಥ ತರಬೇತಿಯಲ್ಲಿ ಮೊದಲು ಹಿಡಿಯಬೇಕಾದವು ಮೂರು: ಕಾರ್ಮಿಕನಿಗೆ ಓದಲು ಬರುವ ಭಾಷೆಯಲ್ಲಿ ಸಂಬಳದ ಚೀಟಿ, ಸಮಿತಿಗೆ ಕಾರ್ಮಿಕರ ಕಡೆಯವರನ್ನು ಅವರೇ ಆರಿಸಿ ಕಳಿಸುವ ಏರ್ಪಾಡು, ಎಲ್ಲರ ಮುಂದೆ ಬೈಯದೆ ತಪ್ಪು ತಿದ್ದುವುದನ್ನು ಸೂಪರ್‌ವೈಸರ್‌ಗೆ ಕಲಿಸುವುದು.